ಪುಟ್ಟ ಕಂಪ್ರೆಸರ್‌ನ ಜಗ್ಗಾಟ: ದಕ್ಷತೆ ಏರಿದರೆ ವ್ಯಾಪ್ತಿ ಯಾಕೆ ಕುಗ್ಗುತ್ತದೆ?

ಸಣ್ಣ ಸೆಂಟ್ರಿಫ್ಯೂಗಲ್ ಕಂಪ್ರೆಸರ್‌ಗಳು ಈಗ ಮತ್ತೆ ಸುದ್ದಿಯಲ್ಲಿವೆ. ಕಾರುಗಳಿಗೆ ಎಲೆಕ್ಟ್ರಿಕ್ ಟರ್ಬೊ, ಹೈಡ್ರೋಜನ್‌ನಿಂದ ವಿದ್ಯುತ್ ಮಾಡುವ ಫ್ಯೂಯೆಲ್ ಸೆಲ್‌ಗೆ ಎಣ್ಣೆಯೇ ಬೇಡದ ಕಂಪ್ರೆಸರ್, ಕಟ್ಟಡ ತಂಪಾಗಿಸಲು ಮ್ಯಾಗ್ನೆಟಿಕ್ ಬೇರಿಂಗ್‌ನ ಚಿಲ್ಲರ್. ಒಂದು ಕಂಪನಿ ದಕ್ಷತೆ ಜಾಸ್ತಿ ಮಾಡಿದೆವು ಎನ್ನುತ್ತದೆ. ಇನ್ನೊಂದು, ಸ್ಥಿರವಾಗಿ ಓಡುವ ವ್ಯಾಪ್ತಿಯನ್ನು ಅಗಲ ಮಾಡಿದೆವು ಎನ್ನುತ್ತದೆ. ಎರಡೂ ಒಳ್ಳೆಯದೇ ಅಲ್ವಾ, ಹಾಗಾದರೆ ಎರಡನ್ನೂ ಒಟ್ಟಿಗೆ ಯಾಕೆ ಕೊಡುವುದಿಲ್ಲ ಎಂದು ಓದುಗರು ಕೇಳುವುದು ಸಹಜ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಟರ್ಬೊ ಶಾಫ್ಟ್‌ಗೆ ಎಲೆಕ್ಟ್ರಿಕ್ ಮೋಟಾರ್ ಜೋಡಿಸುವ ಎಂಜಿಯು-ಎಚ್ ಘಟಕ 2014ರಲ್ಲಿ ಫಾರ್ಮುಲಾ 1ಕ್ಕೆ ಬಂತು. 2026ರ ನಿಯಮಗಳಲ್ಲಿ ಅದನ್ನು ಕೈಬಿಡಲಾಗಿದೆ. ಆದರೆ ಅದೇ ಹೊತ್ತಿನಲ್ಲಿ ರಸ್ತೆಯ ಕಾರುಗಳು ಅದೇ ಉಪಾಯವನ್ನು ಅಪ್ಪಿಕೊಂಡಿವೆ. 2022ರ ಮರ್ಸಿಡಿಸ್-ಎಎಂಜಿ ಎಸ್‌ಎಲ್ 43 ಕಾರಿನಲ್ಲಿ ಅದಿದೆ, 2024ರ ಪೋರ್ಷೆ 911 ಜಿಟಿಎಸ್‌ನಲ್ಲೂ ಇದೆ. ಹಾಗಾದರೆ ಆ ತಂತ್ರ ಗೆದ್ದಿತೋ ಸೋತಿತೋ? ಇದಕ್ಕೆ ಉತ್ತರ ಸಿಗಬೇಕಾದರೆ ಯಂತ್ರದ ಒಳಗೆ ಏನು ನಡೆಯುತ್ತದೆ ಎಂದು ಮೊದಲು ನೋಡಬೇಕು.

ಮೊದಲು ವೇಗ, ಆಮೇಲೆ ಒತ್ತಡ

ಸೆಂಟ್ರಿಫ್ಯೂಗಲ್ ಕಂಪ್ರೆಸರ್‌ನಲ್ಲಿ ತಿರುಗುವ ಭಾಗ ಒಂದೇ, ಇಂಪೆಲ್ಲರ್. ಗಾಳಿ ಅದರ ನಡುವಿನಿಂದ ಒಳಗೆ ಬರುತ್ತದೆ, ಬ್ಲೇಡ್‌ಗಳ ನಡುವೆ ಸಾಗಿ ಅಂಚಿನಿಂದ ಹೊರಗೆ ಚಿಮ್ಮುತ್ತದೆ. ಒತ್ತಡದ ಸುಮಾರು ಅರ್ಧ ಇಂಪೆಲ್ಲರ್ ಒಳಗೇ ಏರುತ್ತದೆ. ಉಳಿದದ್ದು ಏರುವುದು ಅದರ ಸುತ್ತ ಇರುವ ಡಿಫ್ಯೂಸರ್‌ನಲ್ಲಿ. ಅಲ್ಲಿ ಗಾಳಿ ನಿಧಾನವಾಗುತ್ತದೆ, ಕಳೆದುಕೊಂಡ ವೇಗ ಒತ್ತಡವಾಗಿ ಬದಲಾಗುತ್ತದೆ. ಕೊನೆಗೆ ಬಸವನಹುಳುವಿನ ಚಿಪ್ಪಿನ ಆಕಾರದ ವಾಲ್ಯೂಟ್ ಅದನ್ನೆಲ್ಲ ಒಟ್ಟುಗೂಡಿಸಿ ಪೈಪಿಗೆ ಕೊಡುತ್ತದೆ.

ಇಲ್ಲಿನ ವೇಗಗಳು ಭಾರಿ. 50 ಮಿ.ಮೀ. ಅಡ್ಡಳತೆಯ ಇಂಪೆಲ್ಲರ್ ನಿಮಿಷಕ್ಕೆ 1,50,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 390 ಮೀಟರ್ ಓಡುತ್ತದೆ. ಮಾಮೂಲಿ ಗಾಳಿಯಲ್ಲಿ ಶಬ್ದದ ವೇಗ ಇದಕ್ಕಿಂತ ಕಡಿಮೆ.

ತೊಡಕು ಇರುವುದು ನಿಧಾನ ಮಾಡುವ ಹಂತದಲ್ಲಿ. ಕಡಿಮೆ ಒತ್ತಡದ ಕಡೆಯಿಂದ ಹೆಚ್ಚಿನ ಒತ್ತಡದ ಕಡೆಗೆ ಗಾಳಿ ತಾನಾಗಿ ಹೋಗುವುದಿಲ್ಲ. ತನ್ನ ವೇಗದ ಬಲದಿಂದಷ್ಟೇ ಮುಂದೆ ಸಾಗುತ್ತದೆ. ಏರಿನಲ್ಲಿ ಗಾಡಿ ತಳ್ಳಿದ ಹಾಗೆ, ಬಲ ಸ್ವಲ್ಪ ಕಮ್ಮಿಯಾದರೂ ಅದು ನಿಲ್ಲುತ್ತದೆ, ಆಮೇಲೆ ಹಿಂದಕ್ಕೆ ಉರುಳುತ್ತದೆ. ಗೋಡೆಗೆ ಹತ್ತಿಕೊಂಡು ಹರಿಯುವ ಗಾಳಿಗೆ ವೇಗ ಮೊದಲೇ ಕಡಿಮೆ. ಹಾಗಾಗಿ ಸೋಲುವುದೂ ಅದೇ ಮೊದಲು.

ಎರಡು ಗೋಡೆಗಳ ನಡುವೆ

ಪ್ರತಿ ಕಂಪ್ರೆಸರ್‌ಗೂ ಒಂದು ಮ್ಯಾಪ್ ಇರುತ್ತದೆ. ಅಡ್ಡಕ್ಕೆ ಗಾಳಿಯ ಹರಿವು, ಉದ್ದಕ್ಕೆ ಒತ್ತಡದ ಅನುಪಾತ, ಅಂದರೆ ಒಳಗೆ ಬಂದ ಗಾಳಿಯ ಒತ್ತಡ ಹೊರಗೆ ಹೋಗುವಾಗ ಎಷ್ಟು ಪಟ್ಟಾಯಿತು ಎಂಬುದು. ಒಂದೊಂದು ವೇಗಕ್ಕೂ ಒಂದೊಂದು ಗೆರೆ. ನಡುವೆ ದ್ವೀಪಗಳ ಹಾಗೆ ದಕ್ಷತೆಯ ವಲಯಗಳು.

ಬಲಗಡೆಯ ಮಿತಿಯನ್ನು ಚೋಕ್ ಎನ್ನುತ್ತಾರೆ. ಬ್ಲೇಡ್‌ಗಳ ನಡುವಿನ ಅತಿ ಕಿರಿದಾದ ಜಾಗದಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದರೆ ಅದಕ್ಕಿಂತ ಹೆಚ್ಚು ಗಾಳಿ ಅಲ್ಲಿ ದಾಟುವುದಿಲ್ಲ. ಇದರಿಂದ ದಕ್ಷತೆ ಕುಸಿಯುತ್ತದೆಯೇ ಹೊರತು ಯಂತ್ರ ಸಾಮಾನ್ಯವಾಗಿ ಮುರಿಯುವುದಿಲ್ಲ.

ಎಡಗಡೆಯ ಮಿತಿ ಸರ್ಜ್. ಅಪಾಯ ಇರುವುದು ಇಲ್ಲಿ. ಹರಿವು ಕಡಿಮೆಯಾದಂತೆ ಗಾಳಿ ಬ್ಲೇಡಿನ ಮೂತಿಗೆ ತಪ್ಪು ಕೋನದಲ್ಲಿ ಬಡಿಯುತ್ತದೆ. ಬ್ಲೇಡಿನ ಹೊರತುದಿಯ ಬಳಿ ಸುಳಿಗಳು ಏಳುತ್ತವೆ. ಕೆಲವು ಬ್ಲೇಡ್ ಸಂದುಗಳಲ್ಲಿ ಹರಿವು ಕಟ್ಟಿಕೊಳ್ಳುತ್ತದೆ, ಆ ಕಟ್ಟು ಸಂದಿನಿಂದ ಸಂದಿಗೆ ಸುತ್ತುತ್ತದೆ. ಇದು ಸ್ಟಾಲ್. ಇನ್ನೂ ಕಡಿಮೆಯಾದರೆ ಇಡೀ ವ್ಯವಸ್ಥೆಯೇ ಉಸಿರಾಡತೊಡಗುತ್ತದೆ. ಮುಂದಿನ ಪೈಪಿನಲ್ಲಿ ತುಂಬಿಕೊಂಡ ಒತ್ತಡದ ಗಾಳಿ ಇಂಪೆಲ್ಲರ್ ಮೂಲಕ ಹಿಂದಕ್ಕೆ ನುಗ್ಗುತ್ತದೆ, ಒತ್ತಡ ಇಳಿದ ಮೇಲೆ ಮತ್ತೆ ಮುಂದೆ ಹೋಗುತ್ತದೆ, ಮತ್ತೆ ಹಿಂದೆ ಬರುತ್ತದೆ. ಇದು ಸೆಕೆಂಡಿಗೆ ಹಲವು ಸಲ ನಡೆಯುತ್ತದೆ. ಥ್ರಸ್ಟ್ ಬೇರಿಂಗ್ ಏಟು ತಿನ್ನುತ್ತದೆ, ಬ್ಲೇಡ್‌ಗಳು ದಣಿಯುತ್ತವೆ, ಗಾಳಿ ಬಿಸಿಯಾಗುತ್ತದೆ.

ಒಂದು ಸಂಗತಿ ಬಹಳ ಸಲ ಕಣ್ತಪ್ಪಿ ಹೋಗುತ್ತದೆ. ಸರ್ಜ್ ಬರೀ ಕಂಪ್ರೆಸರ್‌ನ ಗುಣ ಅಲ್ಲ. ಸಂಶೋಧಕ ಎಡ್ವರ್ಡ್ ಗ್ರೈಟ್ಜರ್ 1976ರಲ್ಲಿ ಇದನ್ನು ಒಂದು ಸರಳ ಅನುಪಾತದಲ್ಲಿ ತೋರಿಸಿದರು. ಇಂಪೆಲ್ಲರ್‌ನ ವೇಗ, ಮುಂದಿನ ಪೈಪು ಮತ್ತು ಟ್ಯಾಂಕಿನಲ್ಲಿರುವ ಜಾಗ, ಹರಿವಿನ ದಾರಿಯ ಉದ್ದ ಮತ್ತು ಅಗಲ, ಇವೆಲ್ಲ ಸೇರಿ ಆ ವ್ಯವಸ್ಥೆ ಸರ್ಜ್ ಆಗುತ್ತದೋ ಬರೀ ಸ್ಟಾಲ್‌ನಲ್ಲಿ ನಿಲ್ಲುತ್ತದೋ ಎಂಬುದನ್ನು ನಿರ್ಧರಿಸುತ್ತವೆ. ಮುಂದೆ ದೊಡ್ಡ ಜಾಗ ಇದ್ದರೆ ಹಿಂದಕ್ಕೆ ನುಗ್ಗಲು ಹೆಚ್ಚು ಗಾಳಿ ಕಾದಿರುತ್ತದೆ. ಅಂದರೆ ಟೆಸ್ಟ್ ಬೆಂಚಿನಲ್ಲಿ ಸಿಕ್ಕ ಸರ್ಜ್ ಗೆರೆ, ಅದೇ ಕಂಪ್ರೆಸರ್ ಕಾರಿನೊಳಗೆ ಕೂತಾಗ ಬೇರೆ ಕಡೆ ಇರಬಹುದು.

ಸಣ್ಣದಾದಷ್ಟೂ ಕಷ್ಟ

ದೊಡ್ಡ ಕಂಪ್ರೆಸರ್ ಅನ್ನು ಸುಮ್ನೆ ಅಳತೆ ಕುಗ್ಗಿಸಿ ಚಿಕ್ಕದು ಮಾಡಿದರೆ ಅದು ಅಷ್ಟೇ ಚೆನ್ನಾಗಿ ಓಡುವುದಿಲ್ಲ. ಮುಖ್ಯ ಕಾರಣ ಸಂದು. ತಿರುಗುವ ಬ್ಲೇಡಿಗೂ ಅಲುಗಾಡದ ಕವಚಕ್ಕೂ ನಡುವೆ ಸ್ವಲ್ಪ ಜಾಗ ಬಿಡಲೇಬೇಕು. ಶಾಫ್ಟ್ ಬೇರಿಂಗ್ ಒಳಗೆ ಅಲ್ಲಾಡುತ್ತದೆ, ಇಂಪೆಲ್ಲರ್ ಬಿಸಿಗೂ ತಿರುಗುವ ಬಲಕ್ಕೂ ಹಿಗ್ಗುತ್ತದೆ. ಈ ಸಂದನ್ನು ಯಂತ್ರದ ಅಳತೆಗೆ ತಕ್ಕಂತೆ ಕುಗ್ಗಿಸಲು ಆಗುವುದಿಲ್ಲ. ಹೊರಬಾಯಿಯಲ್ಲಿ ಬ್ಲೇಡಿನ ಎತ್ತರ 3 ಮಿ.ಮೀ. ಇದ್ದು ಸಂದು 0.2 ಮಿ.ಮೀ. ಇದ್ದರೆ ಅದು ಎತ್ತರದ ಸುಮಾರು ಶೇ. 7ರಷ್ಟಾಯಿತು. ಬ್ಲೇಡಿನ ಒಂದು ಬದಿಯಲ್ಲಿ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ. ಗಾಳಿ ಆ ಸಂದಿನಲ್ಲಿ ನುಸುಳಿ ಕಡಿಮೆ ಒತ್ತಡದ ಕಡೆ ಸೇರುತ್ತದೆ. ಸಂದು ಬ್ಲೇಡಿನ ಎತ್ತರದ ಶೇ. 1ರಷ್ಟು ಜಾಸ್ತಿಯಾದರೆ ದಕ್ಷತೆ ಕಾಲು ಶೇಕಡಾ ಪಾಯಿಂಟಿನಷ್ಟು ಬೀಳುತ್ತದೆ ಎಂಬುದು ಈ ಕ್ಷೇತ್ರದವರ ಒರಟು ಲೆಕ್ಕ. ಹಾಗಾಗಿ ಈ 0.2 ಮಿ.ಮೀ. ಒಂದರಿಂದಲೇ ಸುಮಾರು 2 ಪಾಯಿಂಟ್ ಹೋಯಿತು.

ನಷ್ಟ ದಕ್ಷತೆಗೆ ಮಾತ್ರ ಅಲ್ಲ. ನುಸುಳಿದ ಗಾಳಿಗೆ ಮುನ್ನುಗ್ಗುವ ಬಲ ಇಲ್ಲ. ಅದು ಬ್ಲೇಡಿನ ತುದಿಯ ಬಳಿ ಮಡುಗಟ್ಟಿ ಸ್ಟಾಲ್‌ಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಸಂದನ್ನು ಬಿಗಿ ಮಾಡುವುದು ದಕ್ಷತೆ, ವ್ಯಾಪ್ತಿ ಎರಡಕ್ಕೂ ಒಟ್ಟಿಗೆ ಒಳ್ಳೆಯದು ಮಾಡುವ ಅಪರೂಪದ ಕೆಲಸ. ಕವಚದ ಒಳಮೈಗೆ ಮೆತ್ತನೆಯ ಲೇಪನ ಹಚ್ಚಿ, ಬ್ಲೇಡೇ ತನಗೆ ಬೇಕಾದಷ್ಟು ಜಾಗ ಕೆರೆದುಕೊಳ್ಳುವ ಹಾಗೆ ಮಾಡುವ ವಿಧಾನ ಬಳಕೆಯಲ್ಲಿದೆ. ದೊಡ್ಡ ಘೋಷಣೆಗಳಲ್ಲಿ ಇಂಥ ಕೆಲಸ ಕಾಣಿಸುವುದು ಕಡಿಮೆ. ಆದರೆ ಸಣ್ಣ ಕಂಪ್ರೆಸರ್ ಸುಧಾರಿಸಬೇಕು ಎನ್ನುವವರು ಮೊದಲು ಕೈಹಾಕಬೇಕಾದ್ದು ಇಲ್ಲಿಗೇ.

ಇದರ ಜೊತೆಗೆ ಗಾಳಿಯ ಜಿಗುಟು. ದಾರಿ ಕಿರಿದಾದಷ್ಟೂ ಗೋಡೆಯ ಬಳಿ ಎಳೆದಾಡುವ ಪದರ ಒಟ್ಟು ದಾರಿಯ ಹೆಚ್ಚಿನ ಪಾಲನ್ನು ನುಂಗುತ್ತದೆ. ಎರಕದ ಮೇಲ್ಮೈಯ ಒರಟುತನವೂ ಹಾಗೆಯೇ. ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ ಐದು ಅಕ್ಷದ ಯಂತ್ರದಲ್ಲಿ ಕಡೆದ ಇಂಪೆಲ್ಲರ್‌ಗಳು ಹೆಚ್ಚುತ್ತಿರುವುದಕ್ಕೆ ಇದೂ ಒಂದು ಕಾರಣ.

ಕೆಲವು ಪಾಯಿಂಟಿನ ಬೆಲೆ

ಇಷ್ಟೆಲ್ಲ ಕಷ್ಟ ಪಟ್ಟು ಉಳಿಸುವುದು ಎಷ್ಟು? ಒಂದು ಲೆಕ್ಕ ನೋಡೋಣ. 25 ಡಿಗ್ರಿಯ ಗಾಳಿಯನ್ನು ಎರಡೂವರೆ ಪಟ್ಟು ಒತ್ತಡಕ್ಕೆ ಏರಿಸಬೇಕು. ಏನೂ ನಷ್ಟ ಇಲ್ಲದಿದ್ದರೂ ಅದರ ಬಿಸಿ ಸುಮಾರು 89 ಡಿಗ್ರಿಯಷ್ಟು ಏರುತ್ತದೆ. ದಕ್ಷತೆ ಶೇ. 70 ಇದ್ದರೆ ಏರಿಕೆ 127 ಡಿಗ್ರಿ, ಶೇ. 78 ಇದ್ದರೆ 114 ಡಿಗ್ರಿ. ಸೆಕೆಂಡಿಗೆ 0.1 ಕೆ.ಜಿ. ಗಾಳಿ ಬೇಕಾದರೆ ಮೊದಲನೆಯದಕ್ಕೆ 12.8 ಕಿಲೋವ್ಯಾಟ್ ಬೇಕು, ಎರಡನೆಯದಕ್ಕೆ 11.5.

ಟರ್ಬೊಚಾರ್ಜರ್‌ನಲ್ಲಿ ಈ ಶಕ್ತಿ ಎಂಜಿನ್ ಉಗುಳುವ ಹೊಗೆಯಿಂದ ಬರುತ್ತದೆ. ಹಾಗಾಗಿ ನಷ್ಟ ಅಷ್ಟಾಗಿ ಚುಚ್ಚುವುದಿಲ್ಲ. ಫ್ಯೂಯೆಲ್ ಸೆಲ್‌ನಲ್ಲಿ ಹಾಗಲ್ಲ. ಸೆಕೆಂಡಿಗೆ 0.1 ಕೆ.ಜಿ. ಎಂದರೆ ಸುಮಾರು 100 ಕಿಲೋವ್ಯಾಟ್‌ನ ಫ್ಯೂಯೆಲ್ ಸೆಲ್‌ಗೆ ಬೇಕಾಗುವ ಗಾಳಿ. ಅದು ಮಾಡಿದ ವಿದ್ಯುತ್ತಿನ ಹತ್ತನೇ ಒಂದು ಭಾಗಕ್ಕೂ ಜಾಸ್ತಿಯನ್ನು ಕಂಪ್ರೆಸರ್ ಒಂದೇ ತಿಂದುಬಿಡಬಹುದು. ಅಲ್ಲಿ ಉಳಿಸಿದ 1.3 ಕಿಲೋವ್ಯಾಟ್ ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಹಳೆಯ ತಂತ್ರಜ್ಞಾನ ಎನಿಸಿದ್ದ ಸಣ್ಣ ಕಂಪ್ರೆಸರ್‌ಗೆ ಮತ್ತೆ ಇಷ್ಟು ಗಮನ ಸಿಗಲು ಇದೇ ದೊಡ್ಡ ಕಾರಣ.

ಜಗ್ಗಾಟ ಶುರುವಾಗುವ ಜಾಗ

ಡಿಫ್ಯೂಸರ್‌ನಲ್ಲಿ ಇದು ಎದ್ದು ಕಾಣುತ್ತದೆ. ಅದರೊಳಗೆ ಬ್ಲೇಡ್‌ಗಳನ್ನು ನಿಲ್ಲಿಸಿದರೆ ಸುತ್ತುತ್ತಾ ಬರುವ ಗಾಳಿಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಬೇಗ ನಿಧಾನ ಮಾಡಬಹುದು. ದಕ್ಷತೆ ಕೆಲವು ಪಾಯಿಂಟ್ ಏರುತ್ತದೆ. ಆದರೆ ಆ ಬ್ಲೇಡ್‌ಗಳು ಒಂದೇ ಕೋನಕ್ಕೆ ಕೂತಿರುತ್ತವೆ. ಹರಿವು ಬದಲಾದರೆ ಗಾಳಿ ಬರುವ ಕೋನ ಬದಲಾಗುತ್ತದೆ, ಬ್ಲೇಡಿಗೆ ಓರೆಯಾಗಿ ಬಡಿದು ಬೇಗ ಸ್ಟಾಲ್ ಆಗುತ್ತದೆ. ಬಲಗಡೆಯಲ್ಲಿ ಅದೇ ಬ್ಲೇಡ್‌ಗಳ ನಡುವಿನ ಸಂದು ಚೋಕ್ ಆಗುತ್ತದೆ. ಹೀಗೆ ಶಿಖರ ಎತ್ತರವಾಗಿ, ವ್ಯಾಪ್ತಿ ಕಿರಿದಾಗುತ್ತದೆ. ಬ್ಲೇಡ್ ಇಲ್ಲದ ಡಿಫ್ಯೂಸರ್‌ನಲ್ಲಿ ಇದರ ತಿರುವುಮುರುವು. ಕಾರಿನ ಟರ್ಬೊಗಳಲ್ಲಿ ಬಹುತೇಕ ಬ್ಲೇಡಿಲ್ಲದ ಡಿಫ್ಯೂಸರ್ ಇರುವುದು ಈ ಕಾರಣಕ್ಕೇ, ಯಾಕೆಂದರೆ ಕಾರಿನ ಎಂಜಿನ್ ಒಂದೇ ವೇಗದಲ್ಲಿ ಓಡುವುದಿಲ್ಲ. ನಡುವಿನ ದಾರಿಯೂ ಒಂದಿದೆ. ಬ್ಲೇಡ್‌ಗಳನ್ನು ಚಿಕ್ಕದಾಗಿ, ದೂರ ದೂರ ಇಟ್ಟು ಅವುಗಳ ನಡುವೆ ಕಿರಿದಾದ ಸಂದೇ ಉಂಟಾಗದ ಹಾಗೆ ಮಾಡುವುದು. ಜಪಾನಿನ ಸಂಶೋಧಕ ಸೆನೂ 1980ರ ದಶಕದಲ್ಲಿ ಇದನ್ನು ಬೆಳೆಸಿದರು.

ಇಂಪೆಲ್ಲರ್‌ನಲ್ಲೂ ಇಂಥದೇ ಆಯ್ಕೆ ಇದೆ. ಹೊರಬಾಯಿಯಲ್ಲಿ ಬ್ಲೇಡನ್ನು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಬಾಗಿಸಿದರೆ ಗಾಳಿ ಸ್ವಲ್ಪ ಕಡಿಮೆ ವೇಗದಲ್ಲಿ ಹೊರಗೆ ಬರುತ್ತದೆ. ಡಿಫ್ಯೂಸರ್ ಮೇಲಿನ ಹೊರೆ ತಗ್ಗುತ್ತದೆ. ಹರಿವು ಕಡಿಮೆಯಾದಾಗ ಒತ್ತಡ ಏರುತ್ತಾ ಹೋಗುವ ಗುಣ ಬರುತ್ತದೆ, ಅದು ಯಂತ್ರವನ್ನು ಸ್ಥಿರವಾಗಿಡುತ್ತದೆ. ದಕ್ಷತೆಯೂ ಸುಧಾರಿಸುತ್ತದೆ. ಹಾಗಾದರೆ ಬೆಲೆ ಕಟ್ಟುವವರು ಯಾರು? ಲೋಹ. ಅದೇ ಒತ್ತಡ ಬೇಕಾದರೆ ಇನ್ನೂ ವೇಗವಾಗಿ ತಿರುಗಿಸಬೇಕು, ಬಾಗಿದ ಬ್ಲೇಡಿನ ಬುಡದಲ್ಲಿ ಬಲ ಹೆಚ್ಚುತ್ತದೆ. ಒಂದು ಹಂತ ದಾಟಿದರೆ ಅಲ್ಯೂಮಿನಿಯಂ ಸಾಲದೆ ಟೈಟಾನಿಯಂ ಬೇಕಾಗುತ್ತದೆ.

ಗೋಡೆಯನ್ನು ಸರಿಸುವವರು

ಸರ್ಜ್ ಗೆರೆಯನ್ನೇ ಎಡಕ್ಕೆ ತಳ್ಳಬೇಕು ಎನ್ನುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಅಲುಗಾಡುವ ಭಾಗಗಳು ಬೇಡ. ಅವರ ಆಯ್ಕೆ, ಕವಚದಲ್ಲಿ ಒಂದು ಸೀಳು. ಬ್ಲೇಡಿನ ಮೂತಿಯ ಸ್ವಲ್ಪ ಒಳಗೆ ಕವಚವನ್ನು ಸುತ್ತಲೂ ಸೀಳಿ, ಅಲ್ಲಿಂದ ಒಳಬಾಯಿಗೆ ಒಂದು ದಾರಿ ಬಿಡುತ್ತಾರೆ. ಹರಿವು ಕಡಿಮೆ ಇದ್ದಾಗ ಮಡುಗಟ್ಟಿದ ಗಾಳಿ ಆ ಸೀಳಿನಿಂದ ಹೊರಟು ಮತ್ತೆ ಬಾಯಿಗೆ ಬರುತ್ತದೆ. ಬ್ಲೇಡಿಗೆ ತಾನು ಹೆಚ್ಚು ಗಾಳಿ ಕಂಡ ಹಾಗಾಗುತ್ತದೆ, ಕೋನ ಸರಿಹೋಗುತ್ತದೆ. ಹರಿವು ಹೆಚ್ಚಿದ್ದಾಗ ಅದೇ ಸೀಳು ಎದುರು ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಕಿರಿದಾದ ಜಾಗವನ್ನು ತಪ್ಪಿಸಿ ಸ್ವಲ್ಪ ಗಾಳಿ ಒಳಗೆ ಹೋಗುತ್ತದೆ, ಚೋಕ್ ಕೂಡ ಬಲಕ್ಕೆ ಸರಿಯುತ್ತದೆ. ಟ್ರಕ್ಕಿನ ಟರ್ಬೊಗಳಲ್ಲಿ ಇದು ದಶಕಗಳಿಂದ ಇದೆ. ಒಂದೇ ಗಾಳಿಯ ಮೇಲೆ ಎರಡು ಸಲ ಕೆಲಸ ಮಾಡಿದ್ದರಿಂದ ದಕ್ಷತೆ ಸ್ವಲ್ಪ ಇಳಿಯುತ್ತದೆ. ಬ್ಲೇಡುಗಳ ಸದ್ದು ಆ ದಾರಿಯಿಂದ ಹೊರಗೆ ಬರುತ್ತದೆ, ಹಾಗಾಗಿ ಕಾರಿನವರು ಅದನ್ನು ಅಷ್ಟಾಗಿ ಇಷ್ಟಪಡುವುದಿಲ್ಲ.

ಇನ್ನೊಂದು ಪಂಗಡ ಬಾಯಿಯ ಆಕಾರವನ್ನೇ ಬದಲಿಸುತ್ತದೆ. ಒಳಬಾಯಿಯಲ್ಲಿ ತಿರುಗಿಸಬಹುದಾದ ರೆಕ್ಕೆಗಳನ್ನು ಇಟ್ಟು, ಇಂಪೆಲ್ಲರ್ ತಿರುಗುವ ದಿಕ್ಕಿನಲ್ಲೇ ಗಾಳಿಗೆ ಮೊದಲೇ ಸುತ್ತು ಕೊಡಬಹುದು. ಆಗ ಬ್ಲೇಡಿಗೆ ಬಡಿಯುವ ಕೋನ ತಗ್ಗುತ್ತದೆ. ಜೊತೆಗೆ ಗಾಳಿಗೆ ಸೇರುವ ಶಕ್ತಿಯೂ ತಗ್ಗುತ್ತದೆ, ಆದ್ದರಿಂದ ಅದೇ ಒತ್ತಡಕ್ಕೆ ವೇಗ ಹೆಚ್ಚಿಸಬೇಕು. ಅಥವಾ ಹರಿವು ಕಡಿಮೆ ಇದ್ದಾಗ ಬಾಯಿಯನ್ನು ಚಿಕ್ಕದು ಮಾಡಿ, ತೊಂದರೆ ಕೊಡುವ ಬ್ಲೇಡ್ ತುದಿಯ ಭಾಗವನ್ನು ಮುಚ್ಚಿಬಿಡಬಹುದು. ಇದರ ಲಾಭ ಏನೆಂದರೆ, ಪೂರ್ತಿ ತೆರೆದಾಗ ದಕ್ಷತೆಯ ಶಿಖರಕ್ಕೆ ಬಹುತೇಕ ಏನೂ ಆಗುವುದಿಲ್ಲ. ಕಂಪ್ರೆಸರ್‌ನ ಬಾಯಿ ತಂಪಾದ ಕಡೆ ಇರುವುದರಿಂದ ಅಲ್ಲಿ ಅಲುಗಾಡುವ ಭಾಗ ಬಾಳಿಕೆಯೂ ಬರುತ್ತದೆ. ಬೆಲೆ, ಜಾಗ, ನಿಯಂತ್ರಣದ ತಲೆನೋವು ಮಾತ್ರ ಹೆಚ್ಚು.

ಸರ್ಜ್ ಅನ್ನು ಹುಟ್ಟುವಾಗಲೇ ಅಡಗಿಸುವ ಯೋಚನೆಯೂ ಹೊಸದಲ್ಲ. 1989ರಲ್ಲಿ ಕೇಂಬ್ರಿಜ್‌ನ ಫೌಕ್ಸ್ ವಿಲಿಯಮ್ಸ್ ಮತ್ತು ಹ್ವಾಂಗ್ ಒಂದು ಟರ್ಬೊಚಾರ್ಜರ್‌ನ ಸರ್ಜ್ ಅನ್ನು ಧ್ವನಿವರ್ಧಕದಿಂದ ತಡೆದು ತೋರಿಸಿದರು. ಒತ್ತಡದ ಸಣ್ಣ ಅಲೆಗೆ ಎದುರಲೆ ಕೊಟ್ಟರೆ ಅದು ಬೆಳೆಯುವುದಿಲ್ಲ. ಸುಂದರವಾದ ಪ್ರಯೋಗ. ಆದರೆ ದಿನನಿತ್ಯದ ಯಂತ್ರಕ್ಕೆ ಅಷ್ಟು ವೇಗದ ಸೆನ್ಸರ್, ಅಷ್ಟು ವೇಗದ ಚಾಲಕ ಭಾಗ ದುಬಾರಿ. ಬಹುಪಾಲು ಕಂಪನಿಗಳು ಇಂದಿಗೂ ಸರ್ಜ್ ಗೆರೆಯಿಂದ ದೂರ ಉಳಿಯುವ ಅಥವಾ ಕವಾಟ ತೆರೆದು ಗಾಳಿ ಬಿಟ್ಟುಬಿಡುವ ದಾರಿಯನ್ನೇ ಹಿಡಿದಿವೆ. ಬಿಟ್ಟ ಗಾಳಿಗೆ ಖರ್ಚಾದ ಶಕ್ತಿ ಪೂರ್ತಿ ನಷ್ಟ ಎಂಬುದನ್ನು ಮಾತ್ರ ಯಾವ ಮ್ಯಾಪೂ ತೋರಿಸುವುದಿಲ್ಲ.

ಮೋಟಾರ್ ಬಂದ ಮೇಲೆ ಏನು ಬದಲಾಯಿತು

ಮಾಮೂಲಿ ಟರ್ಬೊದಲ್ಲಿ ಕಂಪ್ರೆಸರ್‌ನ ವೇಗ ಹೊಗೆಯ ಕೈಯಲ್ಲಿದೆ. ಚಾಲಕ ಥಟ್ಟನೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಳಿಯ ದಾರಿ ಮುಚ್ಚುತ್ತದೆ, ಇಂಪೆಲ್ಲರ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ನೇರ ಸರ್ಜ್‌ಗೆ ಬೀಳುತ್ತದೆ. ಶಾಫ್ಟ್ ಮೇಲೆ ಮೋಟಾರ್ ಇದ್ದರೆ ಅದನ್ನು ಬ್ರೇಕಿನಂತೆ ಬಳಸಿ ವೇಗ ಇಳಿಸಬಹುದು, ಆ ಶಕ್ತಿಯನ್ನು ವಿದ್ಯುತ್ತಾಗಿ ವಾಪಸ್ ಪಡೆಯಬಹುದು. ಕಡಿಮೆ ಹೊಗೆ ಇದ್ದಾಗ ತಾನೇ ತಿರುಗಿಸಬಹುದು. ಅಂದರೆ ಮೋಟಾರ್ ಮ್ಯಾಪನ್ನು ಅಗಲ ಮಾಡುವುದಿಲ್ಲ. ಮ್ಯಾಪಿನ ಒಳಗೆ ಎಲ್ಲಿ ನಿಲ್ಲಬೇಕು ಎಂದು ಆರಿಸುವ ಸ್ವಾತಂತ್ರ್ಯ ಕೊಡುತ್ತದೆ. ನನಗೆ ಕಾಣುವಂತೆ ಈ ಚರ್ಚೆಯ ತಿರುಳು ಇದೇ. ವೇಗ ನಮ್ಮ ಕೈಯಲ್ಲಿದ್ದರೆ ಕಿರಿದಾದ, ಆದರೆ ದಕ್ಷತೆ ಹೆಚ್ಚಿರುವ ಕಂಪ್ರೆಸರ್ ಕೂಡ ಸಾಕಾಗಬಹುದು.

ಫಾರ್ಮುಲಾ 1 ಆ ಘಟಕವನ್ನು ಬಿಟ್ಟದ್ದು ಅದು ಕೆಲಸ ಮಾಡಲಿಲ್ಲ ಎಂದಲ್ಲ. ಅದು ಬಹಳ ಜಟಿಲ ಮತ್ತು ದುಬಾರಿ, ಹೊಸ ತಯಾರಕರು ಬರಲು ಅಡ್ಡಿ ಎಂಬ ಕಾರಣಕ್ಕೆ. ರಸ್ತೆ ಕಾರಿನ ಲೆಕ್ಕ ಬೇರೆ.

ಮೋಟಾರ್ ಜೊತೆ ಬೇರಿಂಗ್ ಪ್ರಶ್ನೆ ಬರುತ್ತದೆ. ಫ್ಯೂಯೆಲ್ ಸೆಲ್‌ಗೆ ಎಣ್ಣೆಯ ಹನಿಯೂ ಸೇರಬಾರದು, ಒಳಗಿನ ಪೊರೆ ಮತ್ತು ವೇಗವರ್ಧಕ ಹಾಳಾಗುತ್ತವೆ. ಆದ್ದರಿಂದ ಶಾಫ್ಟ್ ಅನ್ನು ಗಾಳಿಯ ತೆಳು ಪದರದ ಮೇಲೆ ತೇಲಿಸುವ ಫಾಯಿಲ್ ಬೇರಿಂಗ್ ಬಂತು. ಅದು ಶುರುವಾಗುವಾಗ ಮತ್ತು ನಿಲ್ಲುವಾಗ ಉಜ್ಜುತ್ತದೆ, ಸರ್ಜ್‌ನ ಏಟುಗಳನ್ನು ಎಣ್ಣೆ ಬೇರಿಂಗ್‌ನಷ್ಟು ತಡೆಯುವುದಿಲ್ಲ. ಹಾಗಾಗಿ ಇಲ್ಲಿ ಸರ್ಜ್‌ನಿಂದ ದೂರ ಇರುವುದು ಇನ್ನೂ ಮುಖ್ಯ. ಫ್ಯೂಯೆಲ್ ಸೆಲ್‌ಗೆ ಕಡಿಮೆ ಹರಿವಿನಲ್ಲೂ ಸಾಕಷ್ಟು ಒತ್ತಡ ಬೇಕು, ಅಂದರೆ ಅದು ಸರ್ಜ್ ಗೆರೆಯ ಪಕ್ಕದಲ್ಲೇ ಬದುಕುವ ಯಂತ್ರ. 2016ರ ಹೋಂಡಾ ಕ್ಲಾರಿಟಿ ಫ್ಯೂಯೆಲ್ ಸೆಲ್ ಕಾರಿನಲ್ಲಿ ಎರಡು ಹಂತದ ಕಂಪ್ರೆಸರ್ ಇತ್ತು. ಒತ್ತಡ ಏರಿಸುವ ಕೆಲಸವನ್ನು ಎರಡು ಇಂಪೆಲ್ಲರ್ ಹಂಚಿಕೊಂಡರೆ ಒಂದೊಂದರ ಮೇಲಿನ ಹೊರೆ ಇಳಿಯುತ್ತದೆ.

ಅಂಕಿಗಳನ್ನು ಓದುವಾಗ

"ದಕ್ಷತೆ ಶೇ. 3 ಹೆಚ್ಚಳ" ಎಂದರೆ 70ರಿಂದ 73 ಆಯಿತೋ, 70ರಿಂದ 72.1 ಆಯಿತೋ? ಪ್ರಕಟಣೆಗಳು ಬಹಳ ಸಲ ಹೇಳುವುದಿಲ್ಲ. ಹೊರಬಾಯಿಯ ಗಾಳಿಯ ವೇಗವನ್ನೂ ಲಾಭವೆಂದು ಲೆಕ್ಕ ಹಾಕಿದರೆ ಒಂದು ಸಂಖ್ಯೆ, ಒತ್ತಡ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಅದಕ್ಕಿಂತ ಕಡಿಮೆ ಸಂಖ್ಯೆ. ಸರ್ಜ್ ಯಾವಾಗ ಶುರುವಾಯಿತು ಎಂಬುದನ್ನೂ ಒಬ್ಬರು ಸದ್ದಿನಿಂದ, ಇನ್ನೊಬ್ಬರು ಒತ್ತಡದ ಏರಿಳಿತದಿಂದ ತೀರ್ಮಾನಿಸುತ್ತಾರೆ.

ಟರ್ಬೊಗಳಲ್ಲಿ ಇನ್ನೊಂದು ಮೋಸ ಇದೆ. ದಕ್ಷತೆಯನ್ನು ಅಳೆಯುವುದು ಗಾಳಿ ಎಷ್ಟು ಬಿಸಿಯಾಯಿತು ಎಂಬುದರಿಂದ. ಪಕ್ಕದಲ್ಲಿ ಹೊಗೆಯಿಂದ ತಿರುಗುವ, ಕೆಂಪಗೆ ಕಾದ ಟರ್ಬೈನ್ ಇದ್ದರೆ ಅದರ ಶಾಖ ಕಂಪ್ರೆಸರ್‌ಗೆ ಹರಿಯುತ್ತದೆ. ಕಡಿಮೆ ವೇಗದಲ್ಲಿ ಗಾಳಿಯೇ ಕಡಿಮೆ, ಹಾಗಾಗಿ ಆ ಶಾಖ ಎದ್ದು ಕಾಣುತ್ತದೆ. ಕಂಪ್ರೆಸರ್ ನಿಜಕ್ಕೂ ಇರುವುದಕ್ಕಿಂತ ಕೆಟ್ಟದಾಗಿ ಕಾಣಿಸುತ್ತದೆ. ಬಿಸಿ ಟರ್ಬೈನ್ ಜೊತೆ ಅಳೆದ ಹಳೆಯ ಮಾದರಿಯನ್ನೂ ತಣ್ಣಗೆ ಅಳೆದ ಹೊಸ ಮಾದರಿಯನ್ನೂ ಪಕ್ಕಪಕ್ಕ ಇಟ್ಟರೆ, ಏನೂ ಬದಲಾಗದಿದ್ದರೂ ಸುಧಾರಣೆ ಕಂಡಂತಾಗುತ್ತದೆ.

ಶಿಖರದ ದಕ್ಷತೆ ಎಂಬ ಒಂದೇ ಸಂಖ್ಯೆಗೆ ಅಷ್ಟು ತೂಕ ಕೊಡಬಾರದು ಎನ್ನುವುದು ಇದಕ್ಕೇ. ಯಂತ್ರ ತನ್ನ ಹೆಚ್ಚಿನ ಗಂಟೆಗಳನ್ನು ಮ್ಯಾಪಿನ ಯಾವ ಭಾಗದಲ್ಲಿ ಕಳೆಯುತ್ತದೆ, ಅಲ್ಲಿ ದಕ್ಷತೆ ಎಷ್ಟು ಎಂಬುದನ್ನು ಕೇಳಬೇಕು.

ಮುಂದಿನ ದಿನಗಳಲ್ಲಿ

ಕಾರಿನ ಎಂಜಿನ್‌ಗಳಲ್ಲಿ ಒಳಬರುವ ಕವಾಟವನ್ನು ಬೇಗ ಮುಚ್ಚುವ ಮಿಲ್ಲರ್ ವಿಧಾನ ಹೆಚ್ಚುತ್ತಿದೆ. ಗಾಳಿ ಒಳಗೆ ಬರಲು ಸಿಗುವ ಸಮಯ ಕಡಿಮೆಯಾದ್ದರಿಂದ ಒತ್ತಡ ಹೆಚ್ಚು ಬೇಕು, ಆದರೆ ಹರಿವು ಹೆಚ್ಚುವುದಿಲ್ಲ. ಮ್ಯಾಪಿನಲ್ಲಿ ಇದು ಮೇಲಕ್ಕೆ ಮತ್ತು ಎಡಕ್ಕೆ, ಅಂದರೆ ಸರ್ಜ್ ಕಡೆಗೆ. ಬಾಯಿಯ ಅಗಲ ಬದಲಿಸುವ ಕಂಪ್ರೆಸರ್‌ಗಳಿಗೆ ಇಲ್ಲಿ ನಿಜವಾದ ಕೆಲಸ ಇದೆ.

ಭಾರಿ ಟ್ರಕ್ಕುಗಳ ಫ್ಯೂಯೆಲ್ ಸೆಲ್ ಹೆಚ್ಚಿನ ಗಂಟೆಗಳನ್ನು ಹೆಚ್ಚು ಕಡಿಮೆ ಸಮನಾದ ಹೊರೆಯಲ್ಲಿ ಓಡುತ್ತದೆ. ಅಲ್ಲಿ ಬ್ಲೇಡ್ ಇರುವ ಡಿಫ್ಯೂಸರ್, ಬಿಗಿಯಾದ ಸಂದು ಮತ್ತು ಒಳ್ಳೆಯ ಬ್ಯಾಟರಿ ಸೇರಿದರೆ ಅಗಲವಾದ ಮ್ಯಾಪಿನ ಅಗತ್ಯವೇ ಕಡಿಮೆಯಾಗಬಹುದು, ಏರಿಳಿತವನ್ನು ಬ್ಯಾಟರಿ ಹೊತ್ತುಕೊಳ್ಳುತ್ತದೆ. ಎತ್ತರದ ಘಟ್ಟ ಹತ್ತುವ ಗಾಡಿಗೆ ಈ ಮಾತು ಸಲ್ಲುವುದಿಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದೇ ಒತ್ತಡಕ್ಕೆ ಹೆಚ್ಚು ಅನುಪಾತ ಬೇಕು.

ಚಿಲ್ಲರ್ ಮತ್ತು ಹೀಟ್ ಪಂಪುಗಳಲ್ಲಿ ಬದಲಾವಣೆ ತರುತ್ತಿರುವುದು ಕಾನೂನು. ಯುರೋಪಿನ ಒಕ್ಕೂಟ 2024ರಲ್ಲಿ ಜಾರಿಗೆ ತಂದ ನಿಯಮ, ಭೂಮಿಯನ್ನು ಬಿಸಿಯಾಗಿಸುವ ಎಚ್‌ಎಫ್‌ಸಿ ಅನಿಲಗಳ ಬಳಕೆಯನ್ನು 2050ರ ಹೊತ್ತಿಗೆ ನಿಲ್ಲಿಸಬೇಕು ಎನ್ನುತ್ತದೆ. ಈ ಯಂತ್ರಗಳ ಕಂಪ್ರೆಸರ್ ಒತ್ತುವುದು ಗಾಳಿಯನ್ನಲ್ಲ, ತಂಪಾಗಿಸುವ ಅನಿಲವನ್ನು. ಬಳಕೆಯಲ್ಲಿರುವ ಆರ್-134ಎ ಎಂಬ ಎಚ್‌ಎಫ್‌ಸಿ ಅನಿಲದಲ್ಲಿ ಶಬ್ದದ ವೇಗ ಗಾಳಿಯಲ್ಲಿ ಇರುವುದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಅಲ್ಲಿ ಇಂಪೆಲ್ಲರ್ ಅಷ್ಟು ವೇಗ ಓಡದೆಯೇ ಚೋಕ್ ಎದುರಾಗುತ್ತದೆ. ಅದರ ಬದಲಿಗೆ ಬರುತ್ತಿರುವ ಆರ್-1234ಜೆಡ್‌ಇ ಅಷ್ಟೇ ತಂಪಿಗೆ ಹೆಚ್ಚು ಅನಿಲವನ್ನು ತಳ್ಳಲು ಕೇಳುತ್ತದೆ. ಹಳೆಯ ಇಂಪೆಲ್ಲರ್ ಹಾಗೇ ಇಟ್ಟು ಅನಿಲ ಮಾತ್ರ ಬದಲಿಸಿದರೆ ತಂಪಾಗಿಸುವ ಸಾಮರ್ಥ್ಯ ಇಳಿಯುತ್ತದೆ. ಹೊಸ ಅನಿಲಕ್ಕೆ ತಕ್ಕ ಬಾಯಿ, ತಕ್ಕ ಬ್ಲೇಡಿನ ಎತ್ತರ, ತಕ್ಕ ವೇಗ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಆ ಲೆಕ್ಕದಲ್ಲಿ ವರ್ಷದ ಬಹುಪಾಲು ದಿನ ಅರ್ಧ ಹೊರೆಯಲ್ಲಿ ಓಡುವ ಯಂತ್ರಕ್ಕೆ ಪೂರ್ಣ ಹೊರೆಯ ದಕ್ಷತೆಗಿಂತ ಅರ್ಧ ಹೊರೆಯ ದಕ್ಷತೆ ಹೆಚ್ಚು ಬೆಲೆಯದ್ದು. ಮುಂದಿನ ಮಾದರಿಗಳನ್ನು ಕೊಳ್ಳುವವರು ಆ ಅಂಕಿಯನ್ನೇ ಮೊದಲು ಕೇಳಿ ಪಡೆಯಬೇಕು.